ಟೀವಿಗೆ ಬೆನ್ನು ಹಾಕಿದ ಕೆಂಪಮ್ಮ

ಸೀಡಿ ಅಂಗಡಿ ಇಟ್ಟುಕೊಂಡೂ ಒಂದೂ ಪಿಕ್ಚರ್ ನೋಡದವಳು ನಾನು ಕಂಡಂತೆ ಕೆಂಪಮ್ಮ ಒಬ್ಬಳೇ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಅಂಗಡಿ. ಗೋಡೆಗೆ ಟೀವಿ, ಕೆಳಗೆ ಚಾಪೆ, ಚಾಪೆ ತುಂಬ ಓಣಿಯ ಮಕ್ಕಳು. ಇವಳು ಟೀವಿಗೆ ಬೆನ್ನು ಹಾಕಿ, ಬಾಗಿಲಿಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ತೊಡೆಯ ಮೇಲೆ ಅಡ್ಡಲಾಗಿ ಒಂದು ಉಳಿ, ಗೊಂಬೆಗೆ ಮರ ಕಡೆಯುವ ಮೊಳದುದ್ದದ ಉಳಿ. ಹಿಂದೆ ಹುಲಿ ಗರ್ಜಿಸಲಿ, ಮಕ್ಕಳು ಕಿರುಚಲಿ, ಅವಳ ಕುತ್ತಿಗೆ ಅಲ್ಲಾಡುತ್ತಿರಲಿಲ್ಲ.

"ಒಸಿ ತಿರುಗಿ ನೋಡೇ ಕೆಂಪಿ, ಚೆಂದಾಗೈತೆ" ಅಂತ ನಾನು ಅಂದರೆ, "ತಿರುಗ್ದಾಗ್ಲೇ ತಾಯಕ್ಕ ಏಟು ಬೀಳಾದು" ಅನ್ನುತ್ತಿದ್ದಳು.

ಆ ಮಾತು ಸುಮ್ಮನೆ ಬಂದದ್ದಲ್ಲ. ಅಂಗಡಿ ಇಡುವ ಮೊದಲು ಅವಳೂ ನಾನೂ ಒಂದೇ ಗೊಂಬೆ ಕಾರ್ಖಾನೆಯಲ್ಲಿದ್ದೆವು. ನಾನು ಅಕ್ಕೂರಿನಿಂದ ಬಂದವಳು, ಮೂರನೇ ಕ್ಲಾಸು ಓದಿದವಳು, ಗೊಂಬೆಗೆ ಕಣ್ಣು ಬರೆಯುತ್ತಿದ್ದೆ. ಅವಳು ಲೇತಿನಲ್ಲಿ ಮರ ಕಡೆಯುತ್ತಿದ್ದಳು. ಒಂದು ಮಧ್ಯಾಹ್ನ ಅವಳ ಗಂಡ ಕುಡಿದು ಬಂದು, ಹಿಂದಿನಿಂದ ಒಂದು ಮರದ ತುಂಡಿನಲ್ಲಿ ಅವಳ ತಲೆಗೆ ಬಾರಿಸಿದ. ಅವಳ ಎಡಗೈ ತಿರುಗುವ ಲೇತಿಗೆ ಸಿಕ್ಕಿತು. ಎರಡು ಬೆರಳು ಹೋದವು. ಅವಳು ಎದ್ದು, ಬಲಗೈಯಲ್ಲಿದ್ದ ಉಳಿಯನ್ನು ಅವನ ಹೆಗಲಿಗೆ ಹಿಡಿಯ ತನಕ ಇಳಿಸಿದಳು. ರಕ್ತ ನನ್ನ ಗೊಂಬೆಗಳ ಮೇಲೆಲ್ಲ ಚಿಮ್ಮಿತು. ಅವತ್ತು ಬರೆದ ಕಣ್ಣುಗಳನ್ನೆಲ್ಲ ನಾನು ಮತ್ತೆ ಬರೆಯಬೇಕಾಯಿತು. ಗಂಡ ಉಳಿ ಕಿತ್ತೆಸೆದು, ರಕ್ತ ಸುರಿಸಿಕೊಂಡೇ ಮಾಗಡಿ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಕೆಂಪಮ್ಮ ಸೆರಗಿನಲ್ಲಿ ಕೈ ಸುತ್ತಿಕೊಂಡು, "ಮಿಷನ್ ಆರಿಸ್ರೋ, ಕರೆಂಟು ದಂಡ" ಅಂದಳು.

ಮೂರು ಬೆರಳಲ್ಲಿ ಮರ ಕಡೆಯಲು ಆಗಲಿಲ್ಲ. ಅದಕ್ಕೇ ಸೀಡಿ ಅಂಗಡಿ. ಹಿಂದಿನ ಕೋಣೆಯಲ್ಲಿ ಒಂದು ಹಳೇ ಲೇತು ಮಾತ್ರ ಇಟ್ಟುಕೊಂಡಳು. ಗೀರು ಬಿದ್ದ ಸೀಡಿಯನ್ನು ಅದಕ್ಕೆ ಸಿಕ್ಕಿಸಿ ತಿರುಗಿಸಿ, ಗೊಂಬೆಗೆ ಹೊಳಪು ಕೊಡುವ ಒಣ ತಾಳೆಗರಿಯಲ್ಲಿ ಉಜ್ಜುತ್ತಿದ್ದಳು. ಮೊದಲನೇ ಸಲ, ಗೊಂಬೆಗೆ ಉಜ್ಜಿ ರೂಢಿಯಲ್ಲವೇ, ಬಣ್ಣ ಇದ್ದ ಕಡೆಯನ್ನೇ ಉಜ್ಜಿದಳು. ಪಿಕ್ಚರೆಲ್ಲ ಬೆಳ್ಳಿ ಹೊಟ್ಟಿನ ಹಾಗೆ ಉದುರಿಹೋಯಿತು. ಸೀಡಿಯ ಯಜಮಾನ ನಕ್ಕ. ಅವನ ಕಪಾಳಕ್ಕೆ ಒಂದು ಬಿಟ್ಟು, "ಹೋಗಿದ್ದು ನಿಂದು ಕಣೋ, ನಗ್ತೀಯಲ್ಲ!" ಅಂದಳು.

ಅವಳನ್ನು ಒಳ್ಳೆಯವಳು ಅಂತ ನಾನು ಹೇಳುವುದಿಲ್ಲ. ಕೈ ಮುಂದು, ಮಾತು ಹಿಂದು. ಅಡ್ಡ ಕೂತ ಮಗುವಿನ ತಲೆಗೆ ಕುಟ್ಟುತ್ತಿದ್ದಳು. ಒಬ್ಬ ಮಕ್ಕಳೆದುರೇ ಹಲ್ಲು ಕಿರಿದು "ಬೇರೆ ಥರದ್ದು ಐತಾ?" ಅಂದಾಗ, ಅವನ ಕೈ ಹೊಸ್ತಿಲ ಮೇಲೆ ಒತ್ತಿ ಹಿಡಿದು ಷಟರ್ ಎಳೆದಳು. ಬೆರಳು ಬದನೆಕಾಯಿ ಆದವು. ವಾರ ಕಳೆದು ಅದೇ ಮನುಷ್ಯ ಮಗಳನ್ನು ಕರೆದುಕೊಂಡು ಬಂದು ಮಕ್ಕಳ ಪಿಕ್ಚರ್ ತಗೊಂಡು ಹೋದ.

ಅಂಥವಳ ಹತ್ತಿರ ನಾನು ಮೊಮ್ಮಗಳನ್ನು ಬಿಟ್ಟೆ. ನನ್ನ ಅಳಿಯ ಶಿವಲಿಂಗ ಸಾತನೂರಿನವನು, ರೇಷ್ಮೆ ನೂಲು ತೆಗೆಯುವ ಕಡೆ ಕೆಲಸ. ಗೂಡು ಬೇಯಿಸುವ ಕುದಿನೀರಿಗೆ ನನ್ನ ಮಗಳು ರತ್ನಳ ಕೈ ಅದ್ದಿ ಹಿಡಿದಿದ್ದ. ಅವಳು ಆರು ವರ್ಷದ ಚೈತ್ರಳನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದಳು. ಕೈ ವಾಸಿಯಾದ ಮೇಲೆ ಗಾರ್ಮೆಂಟಿಗೆ ಸೇರಿದಳು. "ಮಗ ನನ್ನದು, ಎತ್ಕೊಂಡು ಹೋಯ್ತೀನಿ. ಮಗ ಬಂದ್ರೆ ಅವ್ವ ತಾನಾಗೇ ಬತ್ತಾಳೆ" ಅಂತ ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅದು ನಿಜವೂ ಆಗಿತ್ತು. ಮಗು ಹೋದರೆ ರತ್ನ ಹೋಗುತ್ತಿದ್ದಳು, ಹೋದರೆ ಜೀವಂತ ಉಳಿಯುತ್ತಿರಲಿಲ್ಲ.

ಆಗ ಮಕ್ಕಳಿಗೆಲ್ಲ ಗುಂಡಾನೆಯ ಹುಚ್ಚು. ಕಾರ್ಟೂನ್ ಪಿಕ್ಚರಿನ ಒಂದು ಆನೆಮರಿ ಅದು. ಒಂದನೇದು, ಎರಡನೇದು ಸೀಡಿ ಸವೆಯುವಷ್ಟು ನೋಡಿದ್ದವು. ಮೂರನೇದು ಬೆಂಗಳೂರಿನ ಟಾಕೀಸಿಗೆ ಬಂದು ಹೋಗಿತ್ತು, ಇಲ್ಲಿನ ಮಕ್ಕಳಿಗೆ ಸೀಡಿಯೇ ಗತಿ. ಹೇಳಿದ ದಿನಕ್ಕೆ ಮುಂಚೆ ಕಂಪನಿಯವರು ಯಾರಿಗೂ ಕೊಡುವುದಿಲ್ಲ. ಕೆಂಪಮ್ಮ ಷಟರ್ ಮೇಲೆ ಸೀಮೆಸುಣ್ಣದಲ್ಲಿ "ಗುಂಡಾನೆ ಮೂರು, ಶುಕ್ರವಾರ" ಅಂತ ಬರೆಸಿದ್ದಳು.

ಬುಧವಾರ ಮಧ್ಯಾಹ್ನ ಅವಳು ಒಂದು ಸೀಡಿ ಉಜ್ಜಲು ಹಿಂದಿನ ಕೋಣೆಗೆ ಹೋದಳು. ಮಕ್ಕಳು ಕೂತಿರುವಾಗ ಬಾಗಿಲಿಗೆ ಬೆನ್ನು ಹಾಕಿದ್ದು ಅದೊಂದೇ ಸಲ. ಹೊರಗೆ ಬಂದಾಗ ಚೈತ್ರ ಇಲ್ಲ.

"ಅವ್ರಪ್ಪ ಬಂದಿದ್ರು ಕೆಂಪಜ್ಜಿ. ಗುಂಡಾನೆ ಮೂರು ತಂದವ್ರೆ! ಸಾತನೂರಲ್ಲಿ ನೋಡಾನ ಅಂತ ಕರ್ಕೊಂಡೋದ್ರು" ಅಂತು ಒಂದು ಮಗು.

"ಇವತ್ತು ಬುಧವಾರ ಕಣ್ರೋ! ಶುಕ್ರವಾರದ ಪಿಚ್ಚರು ಅವನ ಕೈಗೆ ಎಲ್ಲಿಂದ ಬಂತು?" ಅಂತ ಕೂಗಿ ಕೆಂಪಮ್ಮ ಉಳಿ ಹಿಡಿದೇ ಓಡಿದಳು. ಪಕ್ಕದ ಓಣಿಯ ಕಾರ್ಖಾನೆಯಲ್ಲಿದ್ದ ನನಗೆ ಆ ಕೂಗು ಕೇಳಿಸಿತು. ನಾನೂ ಓಡಿದೆ.

ಸಾತನೂರು ಬಸ್ಸು ಹೊರಡುವುದರಲ್ಲಿತ್ತು. ಮಗು ಅವನ ತೊಡೆಯ ಮೇಲೆ ಕೂತು ಒಂದು ಸೀಡಿ ಡಬ್ಬವನ್ನು ಎದೆಗೆ ಅವಚಿಕೊಂಡಿತ್ತು. ಡಬ್ಬದ ಮೇಲೆ ಆನೆಮರಿಯ ಬಣ್ಣದ ಜೆರಾಕ್ಸು.

"ಇಳಿಯೋ ಕೆಳಕ್ಕೆ" ಅಂದಳು ಕೆಂಪಮ್ಮ.

"ನನ್ ಮಗ, ನನ್ನಿಷ್ಟ. ನೀನ್ಯಾವಳೇ ಮೋಟುಗೈನೋಳು?"

"ಅಪ್ಪ ಮಗಳ ಮಧ್ಯೆ ನಿಂಗ್ಯಾಕಮ್ಮ?" ಅಂದರು ಬಸ್ಸಿನವರು.

ಕೆಂಪಮ್ಮ ಅವನನ್ನು ಬಿಟ್ಟು ಮಗುವನ್ನು ನೋಡಿದಳು. "ಚೈತ್ರ, ಡಬ್ಬ ತಗಿ ಮಗಾ."

ಚೈತ್ರ ತೆಗೆದಳು. ಒಳಗೆ ಏನೂ ಇರಲಿಲ್ಲ. "ಅಪ್ಪ, ಗುಂಡಾನೆ ಎಲ್ಲಿ?" ಅಂದಳು. ಅವನು ಇಡೀ ಬಸ್ಸಿನ ಮುಂದೆ ಆ ಕೂಸಿನ ಕೆನ್ನೆಗೆ ಹೊಡೆದ. ಮೂಗಿನಿಂದ ರಕ್ತ ಬಂತು.

ಮಗು ತೊಡೆಯ ಮೇಲಿತ್ತು ಅಂತ ಕೆಂಪಮ್ಮ ಉಳಿಯನ್ನು ತಿರುಗಿಸಿ ಹಿಡಿದು, ಮರದ ಹಿಡಿಯಲ್ಲಿ ಅವನ ಮಣಿಕಟ್ಟಿಗೆ ಹೊಡೆದಳು. ಮೂಳೆ ಮುರಿದ ಸದ್ದು ನನಗೆ ಮೆಟ್ಟಿಲ ತನಕ ಕೇಳಿಸಿತು. ಅವನು ಇನ್ನೊಂದು ಕೈಯಲ್ಲಿ ಡಬ್ಬ ಕಿತ್ತುಕೊಂಡು ಕಂಬಿಗೆ ಬಡಿದು ಒಡೆದು, ಆ ಚೂಪು ಪ್ಲಾಸ್ಟಿಕ್ಕನ್ನು ಅವಳ ಬಲಗಣ್ಣಿಗೆ ತಿವಿದ. ಅವಳು ಒಂದು ಕೈ ಕಣ್ಣಿಗೆ ಒತ್ತಿಕೊಂಡೇ ಮಗುವನ್ನು ಎಳೆದು ಹಿಂದಿದ್ದ ನನ್ನ ಕಡೆ ತಳ್ಳಿದಳು. ನಾನು ಮಗುವನ್ನು ಒಬ್ಬ ಹೆಂಗಸಿನ ಮಡಿಲಿಗೆ ಹಾಕಿ, ಅವನ ಕೂದಲು ಹಿಡಿದು ಎಳೆದು, ಬಾಯನ್ನು ಬಸ್ಸಿನ ಮೆಟ್ಟಿಲಿಗೆ ಕುಟ್ಟಿದೆ. ಎರಡು ಹಲ್ಲು ಬಿದ್ದವು. ಇವತ್ತಿಗೂ ನನಗೆ ಅದರ ಬಗ್ಗೆ ಬೇಜಾರಿಲ್ಲ.

ನಿಂಗ್ಯಾಕಮ್ಮ ಅಂದವರೇ ಸ್ಟೇಷನ್ನಿಗೆ ಬಂದು, ಅವನು ಮಗುವಿಗೆ ಹೊಡೆದದ್ದನ್ನೂ ಕಣ್ಣು ತಿವಿದದ್ದನ್ನೂ ಹೇಳಿದರು. ಅವನು ಜೈಲು ಕಂಡ. ಆಮೇಲೆ ಈ ಕಡೆ ತಲೆ ಹಾಕಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ತೆಗೆದರು. ನೋಡಲು ಹೋದ ನನಗೆ ಅವಳು ಮೊದಲು ಕೊಟ್ಟಿದ್ದು ಅಂಗಡಿಯ ಬೀಗದ ಕೈ. "ಶುಕ್ರವಾರ ಅಂತ ಬರ್ಸಿವ್ನಿ. ಶುಕ್ರವಾರನೇ ಹಾಕ್ಬೇಕು. ನೀನೂ ಬಾಯ್ಬಿಟ್ಕೊಂಡು ಟೀವಿ ನೋಡ್ತಾ ಕೂತ್ಬುಟ್ಟೀಯ, ಬಾಗ್ಲು ನೋಡು" ಅಂದಳು.

ಶುಕ್ರವಾರ ಬೆಳಿಗ್ಗೆ ಪಾರ್ಸೆಲ್ ಬಂತು. ಚೈತ್ರ ಡಬ್ಬವನ್ನು ತೆಗೆದು, ಒಳಗೆ ಸೀಡಿ ಇದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ, ಆಮೇಲೆ ನನ್ನ ಕೈಗೆ ಕೊಟ್ಟಳು. ಈಗ ಅವಳಿಗೆ ಮದುವೆ ವಯಸ್ಸು. ಈಗಲೂ ಯಾರು ಏನು ಡಬ್ಬ ಕೊಟ್ಟರೂ ಮೊದಲು ತೆಗೆದು ನೋಡುತ್ತಾಳೆ. ಅವತ್ತು ನಾನು ಉಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲಿಗೆ ಮುಖ ಮಾಡಿ ಕೂತೆ. ಹಿಂದೆ ಮಕ್ಕಳು ನಕ್ಕವು. ಚೈತ್ರ ನಕ್ಕಿದ್ದು ಕಡೆಗೆ.

ಮೊಬೈಲು ಬಂದು ಸೀಡಿ ಅಂಗಡಿ ಮುಚ್ಚಿತು. ಹೋದ ವರ್ಷ ಕೆಂಪಮ್ಮ ಹಾಸಿಗೆ ಹಿಡಿದಳು. ನಾನೂ ಚೈತ್ರಳೂ ಹೋದೆವು. ಚೈತ್ರ ಅಟ್ಟದಿಂದ ಹಳೇ ಪ್ಲೇಯರ್ ಇಳಿಸಿ, ಧೂಳು ಒರೆಸಿ, ಗುಂಡಾನೆ ಮೂರು ಹಾಕಿದಳು. ಕೆಂಪಮ್ಮ ಬಾಗಿಲ ಕಡೆಗೇ ಮಗ್ಗುಲಾಗಿ ಮಲಗಿದ್ದಳು. ನಾನು ಉಳಿ ಎತ್ತಿಕೊಂಡು ಹೊಸ್ತಿಲಲ್ಲಿ ಕೂತೆ.

"ಬಾಗ್ಲು ನಾ ನೋಡ್ಕೋತೀನಿ. ನೀನು ಆ ಕಡೀಕೆ ತಿರುಗೇ" ಅಂದೆ.

ಅವಳು ನನ್ನ ಕೈಯಲ್ಲಿದ್ದ ಉಳಿಯನ್ನು ನೋಡಿದಳು. ಆಮೇಲೆ ಚೈತ್ರಳ ಕೈ ಹಿಡಿದು ತಿರುಗಿದಳು. ಪಿಕ್ಚರ್ ಮುಗಿಯುವ ತನಕ ಬಾಗಿಲ ಕಡೆ ತಿರುಗಲಿಲ್ಲ.

"ಇದ್ಕಾ ತಾಯಕ್ಕ ನನ್ ಕಣ್ಣು ಹೋಗಿದ್ದು?" ಅಂದಳು ಕಡೆಗೆ.

"ಹೂಂ, ಇದ್ಕೇ."

"ಚೆಂದಾಗೈತೆ. ಇನ್ನೊಂದ್ಸಲ ಹಾಕ್ಸು."

ಎರಡನೇ ಸಲ ಅರ್ಧಕ್ಕೇ ನಿದ್ದೆ ಹೋದಳು. ಮಂಗಳವಾರ ಸತ್ತಳು.

ಉಳಿ ನನ್ನ ಹತ್ತಿರ ಇದೆ. ಸಂಜೆ ಟೀವಿ ಹಾಕಿದಾಗ ಚೈತ್ರ, "ಯಾರೂ ಬರಲ್ಲ ಕಣಜ್ಜಿ, ಈ ಕಡೆ ತಿರುಗು" ಅನ್ನುತ್ತಾಳೆ. ನಾನು ಇನ್ನೂ ತಿರುಗಿಲ್ಲ.