ಹಸಿರು ಮೆತ್ತೆಯ ಮೇಲಿನ ಅರಿಶಿನ

ಹೋದ ಭಾನುವಾರ ಬೆಳಿಗ್ಗೆ ಬಾಣಲೆ ಇಳಿಸಲು ಮಸಿಬಟ್ಟೆ ಹುಡುಕುತ್ತಿದ್ದೆ. ದಿನಾ ಬಳಸುವುದು ಒಗೆಯಲು ಹೋಗಿತ್ತು. ಡ್ರಾಯರಿನ ತಳದಲ್ಲಿ ಕೈಗೆ ಸಿಕ್ಕಿದ್ದು ದಪ್ಪನೆಯ ಒಂದು ಹಸಿರು ಚೌಕ, ಅಂಚಿಗೆಲ್ಲ ಕಂದು ದಾರದ ಹೊಲಿಗೆ. ಅದರಲ್ಲಿ ಬಾಣಲೆಯ ಕಿವಿ ಹಿಡಿದೆ ನೋಡಿ, ಉಣ್ಣೆ ಕಾದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಇಡೀ ಬರ್ಲಿನ್ನಿನಲ್ಲಿ ಆ ವಾಸನೆ ನನಗೆ ಸಿಕ್ಕಿದ್ದು ಒಂದೇ ಕಡೆ, ಒಂದು ಹಳೆಯ ವಿದ್ಯುತ್ ರೈಲಿನ ಬೋಗಿಯಲ್ಲಿ. ಅದರ ಸೀಟುಗಳ ಕೆಳಗೇ ಹೀಟರ್ ಇರುತ್ತಿತ್ತು, ಸ್ವಲ್ಪ ಹೊತ್ತಿಗೆ ಮೆತ್ತೆಯ ಬಟ್ಟೆ ಬೆಚ್ಚಗಾಗಿ ಹೀಗೇ ನಾರುತ್ತಿತ್ತು. ಕೈ ಸುಟ್ಟಿತು ಎಂದು ಹೆಂಡತಿಗೆ ನೆವ ಹೇಳಿ ಬಾಣಲೆಯನ್ನು ಮತ್ತೆ ಒಲೆಯ ಮೇಲೇ ಇಟ್ಟೆ. ಕೈ ಸುಟ್ಟಿರಲಿಲ್ಲ.

ಆ ಚೌಕವನ್ನು ಹೊಲಿದುಕೊಟ್ಟವರು ನಮ್ಮ ಕೆಳಮನೆಯ ಅಜ್ಜಿ. ಬಾಗಿಲಿನ ಮೇಲೆ ಅವರ ಹೆಸರಿತ್ತು, ಎದುರಿಗೆ ಸಿಕ್ಕಾಗ ಆ ಹೆಸರಿನಿಂದಲೇ ಮರ್ಯಾದೆಯಾಗಿ ಕರೆಯುತ್ತಿದ್ದೆವು. ನಮ್ಮನಮ್ಮಲ್ಲಿ ಮಾತ್ರ ಅವರು ಯಾವತ್ತೂ ಕೆಳಮನೆ ಅಜ್ಜಿ. ನನ್ನ ಮಗಳಿಗೆ ಓಮಾ, ಅಂದರೆ ಅಜ್ಜಿಯೇ.

ಅವರು ಮೊದಲ ಸಲ ನಮ್ಮ ಬೆಲ್ ಒತ್ತಿದ ಸಂಜೆ ನನ್ನ ಎದೆ ಧಸಕ್ಕೆಂದಿತ್ತು. ಈ ಊರಿನಲ್ಲಿ ಕೆಳಗಿನವರು ಮೇಲಕ್ಕೆ ಬಂದರೆ ಅದು ದೂರು ಹೇಳುವುದಕ್ಕೇ ಎಂದು ಅಷ್ಟು ಹೊತ್ತಿಗೆ ಕಲಿತಿದ್ದೆ. ಮಗಳ ಧಡಧಡ ಓಟಕ್ಕೋ, ಮಿಕ್ಸಿಯ ಸದ್ದಿಗೋ, ಒಗ್ಗರಣೆಯ ಘಾಟಿಗೋ, ಯಾವುದಕ್ಕೆ ಕ್ಷಮೆ ಕೇಳುವುದು ಎಂದು ಮನಸ್ಸಿನಲ್ಲೇ ಜರ್ಮನ್ ವಾಕ್ಯ ಜೋಡಿಸಿಕೊಳ್ಳುತ್ತ ಬಾಗಿಲು ತೆಗೆದೆ. ನೋಡಿದರೆ ಕ್ಷಮೆ ಕೇಳಲು ಬಂದಿದ್ದವರು ಅವರು!

"ಚಳಿಗಾಲ ಪೂರ್ತಿ ಸಂಜೆ ಹೊತ್ತು ಹೊಲಿಗೆ ಮಷೀನು ಓಡಿಸ್ತೀನಿ. ಒಂದು ರೈಲಿಗೆ ಮೆತ್ತೆ ಹೊಲೀಬೇಕು. ಮಗು ನಿದ್ದೆಗೆ ತೊಂದ್ರೆ ಆಗತ್ತಾ?"

ಹೇಳಿದ್ದು ಜರ್ಮನ್‌ನಲ್ಲೇ. ಆದರೆ ನನ್ನ ತಲೆ ಅವರ ಮಾತನ್ನೆಲ್ಲ ಮೈಸೂರಿನ ಕನ್ನಡದಲ್ಲಿ ಇಟ್ಟುಕೊಂಡು ಕೂತಿದೆ, ಏನು ಮಾಡಲಿ. ಆ ಚಳಿಗಾಲ ನೆಲದಡಿಯಿಂದ ಟಕಟಕ ಸದ್ದು ಬರುತ್ತಿತ್ತು, ನಾಲ್ಕು ವರ್ಷದ ಮಗಳು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದಳು. ಮಷೀನು ನಿಂತ ದಿನ "ಓಮಾ ಯಾಕೆ ಹೊಲೀತಿಲ್ಲ" ಎಂದು ರಚ್ಚೆ ಹಿಡಿಯುತ್ತಿದ್ದಳು.

ಹಳೆಯ ಲೋಕಲ್ ರೈಲುಗಳ ಹುಚ್ಚು ಹಿಡಿದವರ ಒಂದು ಸಂಘವಿತ್ತು. ಊರಾಚೆಯ ಒಂದು ಶೆಡ್ಡಿನಲ್ಲಿ ಅವರು ಅಂಥದೊಂದು ರೈಲನ್ನು ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸುತ್ತಿದ್ದರು. ಅಜ್ಜಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರು. ಕೆಳಗೆ ಗಾಢ ಕೆಂಪು, ಕಿಟಕಿಯ ಸಾಲಿಗೆ ಹಳದಿ. ನನ್ನ ಹೆಂಡತಿ ಶೆಡ್ಡಿನ ಬಾಗಿಲಲ್ಲೇ ನಿಂತು, "ಅಯ್ಯೋ, ಅರಿಶಿನ ಕುಂಕುಮ ಇಟ್ಟ ಹಾಗಿದೆ ಅಲ್ರೀ!" ಎಂದಳು. ಅದನ್ನು ಅಜ್ಜಿಗೆ ಬಿಡಿಸಿ ಹೇಳಿದೆವು. ಮಾತಿಗೆ ಮಾತು ಬೆಳೆದು, ನಮ್ಮಲ್ಲಿ ಹೊಸ ಬಟ್ಟೆ ಉಡುವ ಮೊದಲು ಅದರ ಅಂಚಿಗೆ ಚೂರು ಅರಿಶಿನ ಹಚ್ಚುತ್ತೇವೆ ಎಂದೂ ಹೆಂಡತಿ ಹೇಳಿದಳು. ಅಜ್ಜಿ ಕಣ್ಣರಳಿಸಿ ಕೇಳಿಸಿಕೊಂಡರು. ಅದು ಮುಂದೆ ನನಗೇ ಬಂದು ಸುತ್ತಿಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು...

ಆ ಸಂಘದ ಜನವೋ! ಕೆಂಪು ಇಷ್ಟು ಕಪ್ಪಿರಬೇಕೋ ಅಷ್ಟಿರಬೇಕೋ ಎಂದು ಜಗಳವಾಗಿ ಇಬ್ಬರು ಮಾತು ಬಿಟ್ಟಿದ್ದರು. ಪಕ್ಕಪಕ್ಕದಲ್ಲೇ ನಿಂತು ಬಣ್ಣ ಬಳಿಯುತ್ತಿದ್ದರು, ಬ್ರಷ್ಷು ಬೇಕಾದರೆ ಮೂರನೆಯವರ ಮೂಲಕ ಕೇಳುತ್ತಿದ್ದರು. ಇನ್ನೊಬ್ಬರು ರೈಲು ಹೊರಟಾಗ ಮೋಟಾರಿನ ದನಿ ಕೆಳಗಿನಿಂದ ಮೇಲಕ್ಕೆ ಏರುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು, ನಮ್ಮಲ್ಲಿ ಕಚೇರಿಗೆ ಹೋದವರು ಆಲಾಪನೆ ಕೇಳುವ ಹಾಗೆ. ಅಜ್ಜಿಗೆ ಬಣ್ಣವೂ ಬೇಡ, ಮೋಟಾರೂ ಬೇಡ. ಅವರದೆಲ್ಲ ಸೀಟು. ಪ್ರಾಯದಲ್ಲಿ ಅಂಗಡಿಯೊಂದರಲ್ಲಿ ದಿನವಿಡೀ ನಿಂತು ಕೆಲಸ ಮಾಡಿ ಇಂಥದೇ ರೈಲಿನಲ್ಲಿ ಮನೆಗೆ ಹೋಗುತ್ತಿದ್ದರಂತೆ.

"ಈ ಸೀಟಿನ ನಕ್ಷೆ ಬರೆದವನು ಯಾರೋ, ಸಂಜೆ ದಣಿದು ಮನೆಗೆ ಹೋಗ್ತಿದ್ದವನೇ ಇರಬೇಕು. ನೋಡು, ಬೆನ್ನಿಗೆ ಎಲ್ಲಿ ಬೇಕೋ ಅಲ್ಲೇ ಬಾಗಿದೆ. ಈಗಿನವು ಕೂರೋಕ್ಕಲ್ಲ, ತೊಳೆಯೋಕ್ಕೆ ಮಾಡಿರೋದು," ಎನ್ನುತ್ತಿದ್ದರು.

ಮೆತ್ತೆಗಳೆಲ್ಲ ಮುಗಿದ ಮೇಲೆ ಉಳಿದ ಬಟ್ಟೆಯಲ್ಲಿ ನನ್ನ ಹೆಂಡತಿಗೆ ಈ ಮಸಿಬಟ್ಟೆ ಹೊಲಿದುಕೊಟ್ಟರು. ವಸಂತದಲ್ಲಿ ರೈಲಿನ ಮೊದಲ ಓಡಾಟ. ನಮ್ಮನ್ನು ಎರಡನೇ ಬೋಗಿಯಲ್ಲಿ, ಹೊಚ್ಚ ಹೊಸ ಹಸಿರು ಮೆತ್ತೆಯ ಮೇಲೆ, ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಬೋಗಿಯ ಬಾಗಿಲಲ್ಲಿ ತಿನ್ನಬೇಡಿ, ಕುಡಿಯಬೇಡಿ ಎಂಬ ಫಲಕ ಇತ್ತು. ನಾನು ಓದಿದ್ದೆ. ಫಲಕ ಓದದೆ ಈ ದೇಶದಲ್ಲಿ ನಾನು ಒಂದು ಹೆಜ್ಜೆ ಇಟ್ಟವನಲ್ಲ.

ಸಿಗ್ನಲ್ ಸಿಗದೆ ರೈಲು ನಡುದಾರಿಯಲ್ಲಿ ನಿಂತುಬಿಟ್ಟಿತು. ಎಷ್ಟು ಹೊತ್ತಾದರೂ ಕದಲಲಿಲ್ಲ. ಮಗಳು ಹಸಿವು ಎಂದು ಅಳತೊಡಗಿದಳು. ಹೆಂಡತಿ ನನ್ನ ಮುಖ ನೋಡಿದಳು, ಶಾಲಿನ ಮರೆಯಲ್ಲಿ ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆದಳು. ನಾನು ಬೇಡ ಎನ್ನಲಿಲ್ಲ. ಮಗಳು ಡಬ್ಬಿಯನ್ನು ತನ್ನ ಕೈಗೇ ತೆಗೆದುಕೊಂಡಳು, ಅದೇ ಗಳಿಗೆಗೆ ರೈಲು ಜಗ್ಗಿ ಹೊರಟಿತು. ಅಷ್ಟೂ ಚಿತ್ರಾನ್ನ ಮೆತ್ತೆಯ ಮೇಲೆ! ಇಂಗು, ಸಾಸಿವೆ, ಕರಿಬೇವಿನ ವಾಸನೆ ಬೋಗಿಯ ತುಂಬ ಹರಡಿತು. ಕಡಲೆಬೀಜ ಜರ್ಮನ್ನರ ಬೂಟುಗಳ ನಡುವೆ ಉರುಳಾಡಿದವು.

ಯಾರಾದರೂ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಲ್ಲರೂ "ಮಾಖ್ಟ್ ನಿಖ್ಟ್ಸ್, ಪರವಾಗಿಲ್ಲ, ಪರವಾಗಿಲ್ಲ" ಎಂದರು, ಎಂದು ಕಿಟಕಿಯಾಚೆ ನೋಡಿದರು. ನಾನು ಮಂಡಿಯೂರಿ ಕಡಲೆಬೀಜ ಆಯ್ದೆ. ಸಂಘದ ಅಧ್ಯಕ್ಷರು ಎಲ್ಲಿಂದಲೋ ಸೋಪಿನ ನೀರು ತಂದುಕೊಟ್ಟರು. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಅರಿಶಿನಕ್ಕೆ ಸೋಪು ಹಾಕಿ ತಿಕ್ಕಿದೆ. ಹಳದಿ ಇದ್ದದ್ದು ರಕ್ತದ ಹಾಗೆ ಕೆಂಪಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮಗಳು ಹೆದರಿ ಇನ್ನೂ ಜೋರಾಗಿ ಅತ್ತಳು.

ಆಗ ಅಜ್ಜಿ ನಕ್ಕರು. ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಬೋಗಿಗೆಲ್ಲ ಕೇಳುವ ಹಾಗೆ ಹೇಳಿದರು: "ಇವರ ಕಡೆ ಹೊಸ ಬಟ್ಟೆಗೆ ಅರಿಶಿನ ಹಚ್ಚದೆ ಬಳಸೋದಿಲ್ಲ. ನಾವು ಮರೆತಿದ್ವಿ. ಈ ಮಗು ನೆನಪು ಮಾಡ್ತು. ನೋಡಿ, ಹಳದಿ, ಕೆಂಪು, ಎರಡೂ ನಮ್ಮ ರೈಲಿನ ಬಣ್ಣವೇ!" ಎಲ್ಲರೂ ನಕ್ಕರು. ಮಗಳ ಕಿವಿಯಲ್ಲಿ, "ಇನ್ಮೇಲೆ ಇದು ನಿನ್ನ ಸೀಟು," ಎಂದರು.

ಅವರಿಗೆ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಒಣಗಿದ ಮೇಲೆ ಕೆಂಪು ಹೋಗಿ ಮತ್ತೆ ಹಳದಿಯೇ ಉಳಿಯಿತು, ಅಂಗೈ ಅಗಲಕ್ಕೆ. ಮೆತ್ತೆ ಬದಲಿಸೋಣ ಎಂದರೆ ಅಜ್ಜಿ ಬಿಲ್ಕುಲ್ ಒಪ್ಪಲಿಲ್ಲ. ಪ್ರತಿ ಓಡಾಟದಲ್ಲೂ ಪಕ್ಕದಲ್ಲಿ ಕೂತು, ಬಂದವರಿಗೆಲ್ಲ ಅದನ್ನು ತೋರಿಸಿ ಕಥೆ ಹೇಳುತ್ತಿದ್ದರು. ಮಗಳು ಹೋದಾಗಲೆಲ್ಲ ಅದರ ಮೇಲೆಯೇ ಕೂರುತ್ತಿದ್ದಳು, ಮಹಾರಾಣಿ. ನಾನು ಮಾತ್ರ ಬೋಗಿಯ ಇನ್ನೊಂದು ತುದಿಯಲ್ಲಿ ಫಲಕಗಳನ್ನು ಓದುತ್ತ ನಿಲ್ಲುತ್ತಿದ್ದೆ. ಹೊರಗಿನಿಂದ ಬಂದವರು ಗಲೀಜು ಮಾಡುತ್ತಾರೆ ಎಂದು ಯಾರ ಬಾಯಲ್ಲೂ ಬರಬಾರದೆಂದು ಕಸವನ್ನು ಐದು ಬಗೆ ವಿಂಗಡಿಸಿ ಎಸೆಯುವವನು ನಾನು. ನನ್ನ ಮಾನವನ್ನು ಅವರು ಪ್ರದರ್ಶನಕ್ಕಿಟ್ಟಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಒಂದು ದಿನ ಆಫೀಸಿನ ಅಡುಗೆಕೋಣೆಯಲ್ಲಿ ಕಾಫಿ ಹಿಡಿಯುತ್ತಿದ್ದಾಗ ಸಹೋದ್ಯೋಗಿಯೊಬ್ಬ, "ಹಳೇ ರೈಲಿನ ಹಳದಿ ಸೀಟಿನವರು ನೀವೇನಾ?" ಎಂದು ಕೇಳಿದ. ಪಾಪ, ಖುಷಿಯಿಂದಲೇ ಕೇಳಿದ. ನನ್ನ ಕಿವಿ ಬಿಸಿಯಾಯಿತು. ಅಲ್ಲ, ಬೇರೆ ಯಾರೋ ಇರಬೇಕು ಎಂದೆ.

ಆ ರಾತ್ರಿ ಮೈಸೂರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಹೇಳಿಕೊಂಡೆ. "ಅಷ್ಟೇ ತಾನೆ? ಒದ್ದೆ ಮಾಡಿ ಬಿಸಿಲಿಗೆ ಹಾಕೋ, ತಾನೇ ಹೋಗತ್ತೆ," ಎಂದರು. ನನಗೆ ಇದು ಹೇಗೆ ಮರೆತಿತ್ತು? ಹಬ್ಬದ ಮರುದಿನ ಹಿತ್ತಲ ತಂತಿಯ ಮೇಲೆ ಎಷ್ಟು ಪಂಚೆ ನೋಡಿಲ್ಲ.

ಆ ಬೇಸಿಗೆಯಲ್ಲಿ ಅಜ್ಜಿ ಸೊಂಟದ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದರು. ಹೆಂಡತಿ ಸಾರು ಮಾಡಿ ಕಳಿಸುತ್ತಿದ್ದಳು, ಮಗಳು ಚಿತ್ರ ಬರೆದು ಕಳಿಸುತ್ತಿದ್ದಳು. ನಾನು ಶೆಡ್ಡಿಗೆ ಹೋದೆ. ಮೆತ್ತೆಗಳ ದೂಳು ಕೊಡವುವ ಕೆಲಸವಿತ್ತು, ಕೈಜೋಡಿಸುತ್ತೇನೆ ಎಂದೆ. ಆ ಒಂದು ಮೆತ್ತೆಯನ್ನು ಒದ್ದೆ ಮಾಡಿ ಹಲಗೆಯ ಮೇಲೆ ಬಿಸಿಲಿಗಿಟ್ಟೆ. ಬಣ್ಣದ ಜಗಳದವರಲ್ಲಿ ಒಬ್ಬರು ಬಂದು ನೋಡಿ, "ಅವರಿಗೆ ಗೊತ್ತಾ?" ಎಂದು ಕೇಳಿದರು.

ನಾನು ಹೂಂ ಎಂದು ತಲೆಯಾಡಿಸಿದೆ.

ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಇಲ್ಲವೇನೋ ಎಂಬ ಹಾಗಿರುತ್ತದೆ. ವಾರದೊಳಗೆ ಅರಿಶಿನ ಹೋಯಿತು. ಅದರ ಜೊತೆಗೆ ಹಸಿರೂ ಒಂದಿಷ್ಟು ಹೋಗಿ ಅಲ್ಲಿ ಮಾಸಲು ಜಾಗವೊಂದು ಉಳಿಯಿತು. ಗೊತ್ತಿಲ್ಲದವರಿಗೆ ಕಾಣುವಂಥದ್ದಲ್ಲ. ಸೈಕಲ್ಲಿನಲ್ಲಿ ಮನೆಗೆ ಬರುತ್ತ ಹಾಡು ಗುನುಗಿಕೊಂಡೆ. ಇವತ್ತು ನನಗೆ ಅತಿ ಹೆಚ್ಚು ನಾಚಿಕೆಯಾಗುವುದು ಆ ಗುನುಗಿಗೆ.

ಶರತ್ಕಾಲದ ಓಡಾಟಕ್ಕೆ ಅಜ್ಜಿ ಕೋಲು ಊರಿಕೊಂಡು ಬಂದರು. ಮಗಳಿಗೆ ಜ್ವರ ಇತ್ತು, ನಾನೊಬ್ಬನೇ ಜೊತೆಗಿದ್ದೆ. ಅವರು ಸೀದಾ ತಮ್ಮ ಜಾಗಕ್ಕೆ ಹೋದರು, ಪಕ್ಕದ ಮೆತ್ತೆ ನೋಡಿದರು. ಬಗ್ಗಲಾಗದ ಸೊಂಟವನ್ನು ಹಾಗೂ ಹೀಗೂ ಬಗ್ಗಿಸಿ ಅದರ ಮೇಲೆ ಅಂಗೈ ಆಡಿಸಿದರು. ಆಮೇಲೆ ನನ್ನ ಮುಖ ನೋಡಿದರು. ನನ್ನ ಮುಖವೇ ಎಲ್ಲ ಹೇಳಿರಬೇಕು.

"ಶುಚಿಯಾಯ್ತು," ಎಂದರು. ಅಷ್ಟೇ. ಎದುರಿನ ಸೀಟಿಗೆ ಹೋಗಿ ಕೂತರು, ಕೊನೆಯ ಸ್ಟೇಷನ್ನಿನವರೆಗೂ ಹೊರಗೆ ನೋಡುತ್ತಿದ್ದರು. ಅವತ್ತು ಯಾರಿಗೂ ಯಾವ ಕಥೆಯನ್ನೂ ಹೇಳಲಿಲ್ಲ.

ಮುನಿಸೇನೂ ಇಟ್ಟುಕೊಳ್ಳಲಿಲ್ಲ ಅವರು. ಮೆಟ್ಟಿಲ ಮೇಲೆ ಸಿಕ್ಕರೆ ನಗುತ್ತಿದ್ದರು, ಕ್ರಿಸ್‌ಮಸ್ಸಿಗೆ ಬಿಸ್ಕತ್ತು ಕಳಿಸುತ್ತಿದ್ದರು. ಆದರೆ ನನ್ನ ಹತ್ತಿರ ರೈಲಿನ ಮಾತು ಎತ್ತಲಿಲ್ಲ. ನಾನು ಸಾವಿರ ಸಲ ಹೇಳಬೇಕೆಂದುಕೊಂಡೆ... ಅವರ ಬಾಗಿಲ ಮುಂದೆ ಬಂದಾಗಲೆಲ್ಲ ಹೆಜ್ಜೆ ತಾನಾಗಿ ಚುರುಕಾಗುತ್ತಿತ್ತು. ರೈಲು ದೊಡ್ಡ ರಿಪೇರಿಗೆಂದು ಹೋಗಿ ವರ್ಷಗಟ್ಟಲೆ ಓಡಲಿಲ್ಲ, ನನಗೆ ಅದೇ ಒಂದು ನೆಮ್ಮದಿ. ಅದು ಮತ್ತೆ ಓಡುವ ಮೊದಲೇ, ಒಂದು ಚಳಿಗಾಲ, ಅಜ್ಜಿ ತೀರಿಕೊಂಡರು. ಮನೆ ಖಾಲಿ ಮಾಡುವವರು ಹೊಲಿಗೆ ಮಷೀನನ್ನು ಮೆಟ್ಟಿಲಿಳಿಸಿಕೊಂಡು ಹೋಗುವುದನ್ನು ಮಗಳು ಕಿಟಕಿಯಿಂದ ನೋಡಿದಳು. ಅವತ್ತು ರಾತ್ರಿ ಊಟ ಮಾಡಲಿಲ್ಲ.

ಹೋದ ಭಾನುವಾರ ನಾನು ಆ ಮಸಿಬಟ್ಟೆ ಹಿಡಿದು ನಿಂತಿದ್ದಾಗ ಮಗಳು ಫೋನ್ ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಈಗ ನನ್ನ ಭುಜದೆತ್ತರ ಬೆಳೆದಿದ್ದಾಳೆ. "ಅಪ್ಪ, ಓಮಾ ಟ್ರೇನ್ ಮತ್ತೆ ಓಡತ್ತಂತೆ. ಇವತ್ತೇ! ಹೋಗೋಣ್ವಾ?" ಎಂದಳು. ಏನಾದರೊಂದು ನೆವ ಹೇಳಬಹುದಿತ್ತು. ಒಲೆ ಆರಿಸಿ ಹೊರಟೆ.

ಪ್ಲಾಟ್‌ಫಾರಂ ತುಂಬ ಕ್ಯಾಮೆರಾ ಹಿಡಿದವರು. ಕೆಂಪು ಹಳದಿ ಹಾಗೇ ಇದೆ, ಹೊಳೆಯುತ್ತಿದೆ. ಮಗಳು ನನ್ನನ್ನು ಎಳೆದುಕೊಂಡೇ ಎರಡನೇ ಬೋಗಿಗೆ ಹತ್ತಿದಳು. ಕಾದ ಉಣ್ಣೆಯ ಅದೇ ವಾಸನೆ. ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು. ನನ್ನನ್ನು ಕೂರಿಸಿ, ಪಕ್ಕದ ಮೆತ್ತೆಯ ಮೇಲೆ ತಾನು ಕೂರುವ ಮೊದಲು ಬಗ್ಗಿ ನೋಡಿದಳು. ಆಚೆ ನೋಡಿದಳು, ಈಚೆ ನೋಡಿದಳು.

"ಇಲ್ಲೇ ಅಲ್ವಾ ಅಪ್ಪ? ನನ್ ಕಲೆ ಎಲ್ಲಿ?"

ಮೆತ್ತೆಯ ಮೇಲೆ ಅಂಗೈ ಆಡಿಸಿದಳು.

"ಓಮಾ ತೆಗೆದುಬಿಟ್ರಾ?"

ಹೂಂ ಎಂದು ತಲೆಯಾಡಿಸುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿತ್ತು. "ಇಲ್ಲ ಪುಟ್ಟಿ. ಅವರು ತೆಗೀಲಿಲ್ಲ. ನಾನು ತೆಗೆದೆ," ಎಂದೆ.

"ಯಾಕೆ?"

"ನಂಗೆ ನಾಚಿಕೆ ಆಗ್ತಿತ್ತು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ನನ್ ಬಗ್ಗೆನಾ?"

ಇಲ್ಲ ಎನ್ನಲು ಬಾಯಿ ತೆರೆದೆ. ಅವತ್ತು ಅಜ್ಜಿ ಕೇಳದೆ ಬಿಟ್ಟಿದ್ದೂ ಇದನ್ನೇ ಇರಬೇಕು... ರೈಲು ಜಗ್ಗಿ ಹೊರಟಿತು, ಮೋಟಾರಿನ ದನಿ ಏರತೊಡಗಿತು. ಮಗಳು ಎದುರಿನ ಸೀಟಿಗೆ ಹೋಗಿ ಕೂತಳು, ಕಿಟಕಿಯಾಚೆ ಮುಖ ಮಾಡಿದಳು. ನನ್ನ ಪಕ್ಕದ ಮೆತ್ತೆ ಶುಚಿಯಾಗಿತ್ತು. ಅದರ ಮೇಲೆ ಕೊನೆಯ ಸ್ಟೇಷನ್ನಿನವರೆಗೂ ಯಾರೂ ಕೂರಲಿಲ್ಲ.