ಹದಿನೇಳನೇ ಅಂಗಡಿಯ ಬಾಯಿ

ಹುಟ್ಟೂರು ಮಾರಕೈಬೊದಿಂದ ಪರದೇಶದ ಲಿಮಾಗೆ ಬರುವ ದಾರಿಯಲ್ಲಿ ಯುಸ್ಮಾರಿ ಮಂಚ ಮಾರಿದಳು, ಮಿಕ್ಸಿ ಮಾರಿದಳು, ಮದುವೆಯ ಉಂಗುರವನ್ನೂ ಮಾರಿದಳು. ಬಾಯಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಎನ್ನುವ ಜಾತಿ ಅವಳದು. ಮಾರುಕಟ್ಟೆಯ ಹದಿನೇಳನೇ ಅಂಗಡಿಯಲ್ಲಿ ಹಣ್ಣು ಮಾರುತ್ತ ಆರು ವರ್ಷ ಕಳೆದಳು.

ಲಿಮಾದಲ್ಲಿ ಮಾರುವವರೂ ಕೊಳ್ಳುವವರೂ ಒಬ್ಬರನ್ನೊಬ್ಬರು 'ಕಸೇರಾ' ಎಂದು ಕರೆದರೆ ಅದು ಮರ್ಯಾದೆ. ಇವಳೋ, ಎಂಬತ್ತರ ಮುದುಕಿ ಬಂದರೂ "ಬಾ ನನ್ನ ರಾಣಿ! ಏನ್ ಕೊಡ್ಲಿ ನನ್ನ ಚಿನ್ನ?" ಎಂದು ತನ್ನೂರಿನ ಧಾಟಿಯಲ್ಲೇ ಕೂಗುವವಳು. ಊರೆಲ್ಲ ಪಪಾಯ ಎನ್ನುವ ಹಣ್ಣಿಗೆ ಇವಳ ರಟ್ಟಿನ ಬೋರ್ಡಿನಲ್ಲಿ ಅವಳೂರಿನ 'ಲೆಚೋಸಾ' ಎಂದೇ ಹೆಸರು. ಕೆಲವರು ನಕ್ಕರು, ಕೆಲವರು ಮೂಗು ಮುರಿದರು. ಕೊನೆಗೆ ಯಾರೋ ಪುಣ್ಯಾತ್ಮರು ವ್ಯಾಪಾರಿಗಳ ಸಂಘಕ್ಕೆ ದೂರು ಕೊಟ್ಟರು.

ಸಂಘದ ಅಧ್ಯಕ್ಷೆ ಎದುರಂಗಡಿಯ ಆಲೂಗಡ್ಡೆಯ ಎದೆಲ್ಮಿರಾ. ಸಭೆಯಲ್ಲಿ ಎಲ್ಲರೆದುರು ಯುಸ್ಮಾರಿಯತ್ತ ಕಾಗದ ಚಾಚಿದರು.

"ಸೈನ್ ಹಾಕು. ಇನ್ಮೇಲೆ ಎಲ್ರನ್ನೂ ಕಸೇರಾ ಅಂತಾನೇ ಕರೀತೀನಿ ಅಂತ. ಇಲ್ಲಾಂದ್ರೆ ತಿಂಗಳ ಕೊನೇಗೆ ಅಂಗಡಿ ಖಾಲಿ ಮಾಡು."

"ಯಾಕಮ್ಮಾ, ರಾಣಿ ಅನ್ನೋದು ಬೈಗುಳಾನಾ?"

"ಇಲ್ಲಿ ಅದು ಅತಿ ಸಲಿಗೆ. ನಾನೂ ನಲವತ್ತು ವರ್ಷದ ಹಿಂದೆ ಬೆಟ್ಟದಿಂದ ಇಳಿದು ಬಂದೋಳೇ ಕಣೇ. ಬಾಯಿ ತೆಗೆದ್ರೆ ಸಾಕು, ನಗೋರು. ಮೂರೇ ತಿಂಗಳಲ್ಲಿ ನಮ್ಮೂರ ಮಾತು ನುಂಗ್ಕೊಂಡೆ. ನೀನೂ ನುಂಗ್ಕೋ."

"ನುಂಗಿ ನಲವತ್ತು ವರ್ಷ ಆಯ್ತಲ್ಲ, ಅರಗಿತಾ?"

ಯುಸ್ಮಾರಿಗೆ ಅಂಗಡಿ ಹೋದರೆ ಬೀದಿಯೇ ಗತಿ ಎಂದು ಗೊತ್ತಿತ್ತು. ಆದರೂ ಕಾಗದವನ್ನು ಹಿಂದಕ್ಕೆ ತಳ್ಳಿದಳು.

"ಬೀದೀಲೇ ಮಾರ್ತೀನಿ. ಹಣ್ಣು ಅಲ್ಲೂ ಸಿಹಿಯಾಗೇ ಇರುತ್ತೆ. ನಮ್ಮಮ್ಮ ಕೊಟ್ಟಿದ್ರಲ್ಲಿ ಉಳಿದಿರೋದು ಈ ಬಾಯಿ ಒಂದೇ. ಕಾಗದ ನೀವೇ ಇಟ್ಕೊಳ್ಳಿ, ನನ್ನ ರಾಣಿ!"

ತಿಂಗಳ ಕೊನೆಯ ದಿನ ಬೆಳಗ್ಗೆ ಅವಳು ಹಣ್ಣನ್ನೆಲ್ಲ ಬುಟ್ಟಿಗೆ ತುಂಬಿ, ಬೋರ್ಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊರಟಳು. ಎದೆಲ್ಮಿರಾ ಅಡ್ಡ ಬಂದರು. ಬೀಗದ ಕೈ ಕೇಳಲು ಬಂದರೆಂದುಕೊಂಡು ಇವಳು ಅದನ್ನು ಮುಂದಕ್ಕೆ ಚಾಚಿದಳು. ಅವರು ಬೀಗದ ಕೈ ಮುಟ್ಟಲಿಲ್ಲ. ಸಹಿಯಿಲ್ಲದ ಕಾಗದವನ್ನು ಎರಡಾಗಿ ಹರಿದರು.

"ಅರಗಿಲ್ಲ ಕಣೇ," ಎಂದರು.

ಆಮೇಲೆ ತಮ್ಮ ಅಂಗಡಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಬೆಟ್ಟದ ಹೆಂಗಸರು ತಾಯಂದಿರನ್ನು ಕರೆಯುವ ರಾಗದಲ್ಲೇ ಕೂಗಿದರು: "ಮಮಾಯ್! ಬಾ ಮಮಾಯ್, ಆಲೂಗಡ್ಡೆ!"

ಮೀನಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎದೆಲ್ಮಿರಾ ಅತ್ತ ತಿರುಗಿ ಇನ್ನೂ ಜೋರಾಗಿ ಕೂಗಿದರು.