ಬೀಗಿತ್ತಿಗಾಗಿ ಕಲಿತ ವ್ಯಾಕರಣ

ನನ್ನ ಅಕ್ಕನದು ಇಸ್ತ್ರಿ ಅಂಗಡಿ. ಕೋಟಾಗಲಿ ಕರವಸ್ತ್ರವಾಗಲಿ, ಅವಳ ಕೈಗೆ ಬಂದರೆ ಒಂದು ಸುಕ್ಕೂ ಉಳಿಯುವುದಿಲ್ಲ. ಸ್ವಾಭಿಮಾನ ಮಾತ್ರ ಮೂಗಿನ ತುದಿಯಲ್ಲೇ.

ಅವಳ ಮಗ ಟರ್ಕಿಶ್ ಮಾತಾಡುವ ಮನೆಯ ಹುಡುಗಿಯನ್ನು ಮದುವೆಯಾದ. ಮದುವೆಯ ದಿನ ಹುಡುಗಿಯ ತಾಯಿ ಕಿಟಕಿ ಪಕ್ಕದ ಕುರ್ಚಿಯಿಂದ ಏಳಲೇ ಇಲ್ಲ.

"ಬೀಗಿತ್ತಿಗೆ ಭಾರಿ ಜಂಬ ಕಣೇ. ನಾನ್ಯಾಕೆ ಮೇಲೆ ಬಿದ್ದು ಮಾತಾಡಿಸ್ಲಿ?" ಎಂದು ನನ್ನ ಕಿವಿಯಲ್ಲಿ ಹೇಳಿ ಅಕ್ಕ ಮುಖ ತಿರುಗಿಸಿದಳು.

ಸೊಸೆ ಬಲು ಬೇಗ ನಮ್ಮ ಭಾಷೆ ಕಲಿತಳು. ಒಂದು ದಿನ ಬಟ್ಟೆ ಮಡಿಸುತ್ತಾ ಹೇಳಿದಳು: "ಅತ್ತೆ, ಅವತ್ತು ಮದುವೇಲಿ ಅಮ್ಮ ನಿಮ್ಮ ಹತ್ರ ಮಾತಾಡೋಕೆ ಒದ್ದಾಡ್ತಿದ್ರು. ಭಾಷೆ ಬರ್ದೆ ನಗೆಪಾಟಲಾಗ್ತೀನಿ ಅಂತ ಹೆದರಿ ಸುಮ್ಮನಾದ್ರು."

ಅಕ್ಕನ ಮುಖ ಸಪ್ಪಗಾಯಿತು. ಮರುವಾರವೇ ಟರ್ಕಿಶ್ ಕಲಿಸುವ ಸಂಜೆ ತರಗತಿಗೆ ಸೇರಿದಳು.

"ಈ ವಯಸ್ಸಲ್ಲಿ ಯಾಕಮ್ಮ? ಅವರಿಗೆ ನಾನೇ ಹೇಳ್ತೀನಿ ಬಿಡು" ಎಂದ ಮಗ.

"ತಪ್ಪು ನಂದು. ನಿನ್ನ ಬಾಯಲ್ಲಿ ಹೇಳ್ಸಿದ್ರೆ ಏನು ಚೆಂದ?"

ಅಂಕಿ ಎಣಿಸುವುದು, ಕುಶಲ ವಿಚಾರಿಸುವುದು ಎಲ್ಲ ಸಲೀಸಾಗಿ ಬಂತು. ಅವಳಿಗೆ ಬೇಕಿದ್ದ ಆ ಒಂದು ಮಾತಿಗೇ ನಾಲಿಗೆ ಹೊರಳಲಿಲ್ಲ. ಮೇಷ್ಟ್ರು ಬಿಡಿಸಿ ಹೇಳಿದರು: "ಮೊದ್ಲು 'ಕೆಶ್ಕೆ' ಅನ್ನಿ, ಹಾಗಾಗಿದ್ರೆ ಚೆನ್ನಾಗಿತ್ತು ಅನ್ನೋ ಆಸೆ ಅದು. 'ಕೊನುಶ್' ಅಂದ್ರೆ ಮಾತಾಡು. ಅದಕ್ಕೆ 'ಸಾ' ಸೇರ್ಸಿ, ನಮ್ಮ 'ರೆ' ಇದ್ದ ಹಾಗೆ. ಆಮೇಲೆ ಕಳೆದುಹೋದ ಕಾಲಕ್ಕೆ 'ಯ್ದಿ'. ಕೊನೇಲಿ 'ಮ್', ಅಂದ್ರೆ 'ನಾನು'. ಇಲ್ಲಿ ಅದು ನೀವು."

ಅಕ್ಕ ನಕ್ಕಳಂತೆ. "ನಮ್ಮ 'ಮಾತಾಡಿದ್ದಿದ್ರೆ'ಯಲ್ಲಿ ಯಾರು ಅಂತಾನೇ ಇಲ್ಲ, ಜಾರಿಕೊಳ್ಳಬಹುದು. ಇಲ್ಲಿ ಮಾತಿನ ಬಾಲದಲ್ಲೇ ನಾನು ಸಿಕ್ಕಿಬಿದ್ನಲ್ಲ ಮೇಷ್ಟ್ರೇ!"

ಇಸ್ತ್ರಿ ಉಜ್ಜುತ್ತಾ ಅದನ್ನೇ ಗುನುಗಿದಳು. ಒಂದು ಕಾಲರ್ ಸುಟ್ಟಿತು. ಅವಳ ಕೈಯಲ್ಲಿ ಬಟ್ಟೆ ಸುಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಬೀಗಿತ್ತಿ ಮಗಳನ್ನು ನೋಡಲು ಬಂದರು. ಅವರು ಕೈಚೀಲ ಕೆಳಗಿಡುವವರೆಗೂ ತಡೆಯದೆ ಅಕ್ಕ ಬಾಗಿಲಲ್ಲೇ ಹೇಳಿಬಿಟ್ಟಳು: "ಕೆಶ್ಕೆ ಓ ಗ್ಯುನ್ ಕೊನುಶ್‌ಸಾಯ್ದಿಮ್." ಅವತ್ತು ನಾನು ಮಾತಾಡಿದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಬೀಗಿತ್ತಿಯ ಕಣ್ಣು ತುಂಬಿತು. ಅಕ್ಕನ ಕೈ ಹಿಡಿದು, ಅಲ್ಲ ಎಂಬಂತೆ ತಲೆಯಾಡಿಸಿ, "ಕೊನುಶ್‌ಸಾಯ್ದಿಕ್" ಎಂದರು.

"ಎಲ್ಲಿ ತಪ್ಪಿದೆನೇ?" ಅಕ್ಕ ಗಾಬರಿಯಾದಳು.

"ತಪ್ಪಿಲ್ಲ ಅತ್ತೆ," ಎಂದಳು ಸೊಸೆ. "'ಮ್' ಅಂದ್ರೆ ನಾನು, 'ಕ್' ಅಂದ್ರೆ ನಾವು. ನಾವಿಬ್ರೂ ಮಾತಾಡಿದ್ದಿದ್ರೆ ಅಂತಿದ್ದಾರೆ ಅಮ್ಮ."

ಆ ಮಧ್ಯಾಹ್ನವೆಲ್ಲ ಇಬ್ಬರೂ ಹರಟಿದರು. ಮಾತು ತಡವರಿಸಿದಲ್ಲಿ ಕೈಸನ್ನೆ, ಅದೂ ಸಾಲದಿದ್ದಲ್ಲಿ ನಗು.

ಈಗ ಅಂಗಡಿಗೆ ಯಾರೇ ಬರಲಿ, ಅಲ್ಲೇ ಮೂಲೆಯಲ್ಲಿ ಕೂತು ಗುಂಡಿ ಹೊಲಿಯುವ ನಾನು ತಲೆಯೆತ್ತಿ ಹೇಳದೆ ಇರಲಾರೆ: "ನಮ್ಮಕ್ಕ ಬೀಗಿತ್ತಿ ಜೊತೆ ಅವರ ಭಾಷೇಲೇ ಮಾತಾಡ್ತಾಳೆ, ಗೊತ್ತಾ?"